ವಿಭೂತಿ ಹಚ್ಚಿದ ಲೆನ್ಸು

ನನ್ನ ಗಂಡ ಮದುವೆ ಫೋಟೋ ತೆಗೆಯುವವರು. ಅವರು ತೆಗೆದಿದ್ದನ್ನು ಕಂಪ್ಯೂಟರಿನಲ್ಲಿ ಆರಿಸಿ, ತಿದ್ದಿ, ಆಲ್ಬಮ್ ಮಾಡುವವಳು ನಾನು. ಮದುವೆಯಾದ ಹೊಸತರಲ್ಲಿ ಅವರು ನನಗೆ ಮೊದಲು ಕಲಿಸಿದ್ದು ಫೋಟೋ ತೆಗೆಯುವುದನ್ನಲ್ಲ, ಲೆನ್ಸ್ ಒರೆಸುವುದನ್ನು. ಅದೂ ಎಂಥಾ ಮಡಿ ಅಂತೀರಿ! ಕೈ ತೊಳೆದು ಚೆನ್ನಾಗಿ ಒಣಗಿಸಿಕೊಳ್ಳಬೇಕು. ಲೆನ್ಸಿನ ಮುಖ ಕೆಳಗೆ ಮಾಡಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಬೇಕು. ಅದಕ್ಕೂ ಉದುರದ ಧೂಳನ್ನು ಮೆತ್ತನೆ ಬ್ರಷ್ಷಿನಲ್ಲಿ ಸವರಬೇಕು. ಆಮೇಲೂ ಬೆರಳಿನ ಗುರುತೋ ಜಿಡ್ಡೋ ಉಳಿದಿದ್ದರೆ ಮಾತ್ರ ಬಟ್ಟೆ ಮುಟ್ಟಬೇಕು. ಲೆನ್ಸ್ ಒರೆಸುವ ನೀರಿನ ಹನಿಯನ್ನು ಬಟ್ಟೆಗೆ ಹಾಕಬೇಕು, ಗಾಜಿಗೆ ಹಾಕಿದರೆ ಅಂಚಿನಿಂದ ಒಳಗೆ ಇಳಿದುಬಿಡುತ್ತೆ. ನಡುವಿನಿಂದ ಹೊರಕ್ಕೆ ಸುತ್ತ ಸುತ್ತ ಒರೆಸಬೇಕು, ಒತ್ತಕೂಡದು. ಸೀರೆ ಸೆರಗು, ಶರ್ಟಿನ ತುದಿ, ಬಾಯಿಯ ಉಸಿರು ಇವೆಲ್ಲ ನಮ್ಮ ಮನೆಯಲ್ಲಿ ಮೈಲಿಗೆ.

ಟ್ಯೂಬ್‌ಲೈಟಿನ ಕೆಳಗೆ ಲೆನ್ಸನ್ನು ಓರೆ ಮಾಡಿ ತೋರಿಸುತ್ತಿದ್ದರು. ಗಾಜಿನ ಮೇಲೆ ನೇರಳೆ, ಹಸಿರು ಬಣ್ಣ ಹೊಳೆಯುತ್ತಿತ್ತು. "ಇದೇ ಕೋಟಿಂಗು. ಬೆಳಕು ಚೆದುರದ ಹಾಗೆ ಕಾಯೋದೇ ಇದು. ಒಂದು ಸಲ ಕೆರೆದುಹೋದ್ರೆ ಮುಗೀತು, ಮತ್ತೆ ಬರಲ್ಲ. ಧೂಳಿಂದ ಲೆನ್ಸ್ ಹಾಳಾಗೋದು ಕಮ್ಮಿ ಕಣೇ, ಜನ ಒರೆಸಿ ಒರೆಸಿನೇ ಹಾಳ್ಮಾಡ್ತಾರೆ," ಅನ್ನುತ್ತಿದ್ದರು.

ಅಂಥವರು ಆ ವರ್ಷ ಗೌರಿ ಹಬ್ಬದ ಹೊತ್ತಿಗೆ ತಾವೇ ದಿನಾ ಒರೆಸುವುದಕ್ಕೆ ಶುರು ಮಾಡಿದರು. ಸಂಜೆ ರಿಸೆಪ್ಷನ್ ಮುಗಿಸಿ ಬಂದರೆ ಬ್ಯಾಗು ಕೆಳಗಿಡುವುದಕ್ಕೂ ಪುರುಸೊತ್ತಿಲ್ಲ, ಲೆನ್ಸ್ ಬಿಚ್ಚಿ ಕೂರುತ್ತಿದ್ದರು. ಹೊಗೆ ಹೊಗೆಯಾಗಿ ಕಾಣುತ್ತೆ, ಸ್ಟೇಜಿನ ಲೈಟಿನ ಸುತ್ತ ಬಣ್ಣದ ಬಳೆ ಬರುತ್ತೆ, ಯಾವನೋ ಎಣ್ಣೆ ಕೈಯಲ್ಲಿ ಮುಟ್ಟಿದಾನೆ ಅಂತ ಗೊಣಗಾಟ. ನಾನು ಫೋಟೋ ತೆರೆದು ನೋಡಿದರೆ ಎಲ್ಲವೂ ಚೊಕ್ಕ. ಮದುಮಗಳ ಮೂಗುಬೊಟ್ಟಿನ ಹರಳು ಸಮೇತ ಎಣಿಸಬಹುದು. "ಎಲ್ರೀ ನಿಮ್ಮ ಹೊಗೆ? ತೋರಿಸಿ ನೋಡೋಣ," ಅಂದೆ. ಬೆಳಿಗ್ಗೆ ಎದ್ದು ಅವರೇ ನೋಡಿದರು. "ಹೌದಲ್ವಾ, ಚೆನ್ನಾಗೇ ಬಂದಿದೆ," ಅಂತ ನಕ್ಕರು. ಸಂಜೆಯಾದರೆ ಮತ್ತೆ ಅದೇ ರಾಗ, ಅದರ ಜೊತೆಗೆ ತಲೆನೋವು. ತಲೆನೋವಿಗೆ ತುಮಕೂರು ರೋಡಿನ ಟ್ರಾಫಿಕ್ಕನ್ನು ಬೈದುಕೊಂಡು ಮಾತ್ರೆ ನುಂಗುತ್ತಿದ್ದರು. ಕಣ್ಣೇ ಕಸುಬಾದ ಮನುಷ್ಯ ಕಾಣುತ್ತಿಲ್ಲ ಅಂದರೆ ಯಾವ ಹೆಂಡತಿಗೆ ಜೀವ ಢವಢವ ಅನ್ನಲ್ಲ? ಕಣ್ಣು ತೋರಿಸೋಣ ಬನ್ನಿ ಅಂದರೆ ಉರಿದು ಬೀಳುತ್ತಿದ್ದರು. "ನನ್ನ ಕಣ್ಣಿಗೇನಾಗಿದೆ? ಲೆನ್ಸಿಗೆ ಆಗಿರೋದು!"

ಅಷ್ಟರಲ್ಲಿ ಆಯುಧ ಪೂಜೆ ಬಂತು. ನಮ್ಮ ಅತ್ತೆ ಗದಗಿನ ಕಡೆಯವರು. ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು ವರ್ಷಗಳಾದರೂ ಅವರ ಮಾತೂ ಬದಲಾಗಿಲ್ಲ, ವಿಭೂತಿಯ ಗಟ್ಟಿಯೂ ಬದಲಾಗಿಲ್ಲ. ಪೂಜೆಯಲ್ಲಿ ಮಿಕ್ಸಿ, ಸ್ಕೂಟರು, ಕಂಪ್ಯೂಟರು ಎಲ್ಲಕ್ಕೂ ಅವರ ಕೈಯಿಂದ ಮೂರು ಬೆರಳ ವಿಭೂತಿ ಬೀಳಲೇಬೇಕು. ಕ್ಯಾಮೆರಾಕ್ಕೆ ಹಣೆ ಯಾವುದು ಅಂತ ಪ್ರತಿವರ್ಷ ನಗೆಯಾಡುತ್ತಿದ್ದೆವು. ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಅವರು ಮುಚ್ಚಳಕ್ಕೇ ಹಚ್ಚುತ್ತಿದ್ದರು, ಅಲ್ಲಿಗೆ ಪೂಜೆಯೂ ಆಗುತ್ತಿತ್ತು, ಗಾಜೂ ಉಳಿಯುತ್ತಿತ್ತು.

ಆ ಸಲ ಇವರು ಬೂದುಗುಂಬಳ ತರಲು ಹೋಗಿದ್ದರು, ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಅತ್ತೆ ಮುಚ್ಚಳ ತೆಗೆದುಬಿಟ್ಟರು. "ಮಾರಿ ಮುಚ್ಚಿಕೊಂಡು ಕುಂತರ ಪೂಜಿ ಹೆಂಗ ಮುಟ್ಟತೈತಿ?" ಅಂತ ಅವರ ವಾದ. ಒದ್ದೆ ಮಾಡಿದ ವಿಭೂತಿಯನ್ನು ನೇರ ಗಾಜಿಗೇ ಎಳೆದರು. ಎಳೆದ ಮೇಲೆ ಮಗ ಬೈದಾನೆಂಬ ಹೆದರಿಕೆ ಹುಟ್ಟಿತು. ಹಳೇ ಧೋತ್ರದ ಚೂರು ತಗೊಂಡು, ಒಣಗಿದ ಅದೇ ವಿಭೂತಿ ಪುಡಿಯಲ್ಲಿ ಗಸಗಸ ತಿಕ್ಕಿ ಒರೆಸಿದರು. ನಾನು ಬರುವಷ್ಟರಲ್ಲಿ ಲೆನ್ಸನ್ನು ಬೆಳಕಿಗೆ ಹಿಡಿದು ಸಂತೋಷಪಡುತ್ತಿದ್ದರು. "ನೋಡವ್ವಾ, ಹೆಂಗ ಫಳಫಳ ಅನ್ನಾಕತ್ತೈತಿ! ಕರೆಂಟ್ ಇಲ್ಲದಾಗ ಕಂದೀಲಿನ ಗ್ಲಾಸು ದಿನಾ ಹಿಂಗ ಬೂದಿ ಹಚ್ಚಿ ತಿಕ್ಕತಿದ್ದೆ ನಾ."

ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿದೆ. ನೇರಳೆ ಹಸಿರಿನ ನಡುವೆ ಅಂಗೈಯ ಗೆರೆಗಳಂತೆ ಬಿಳಿ ಗೀರುಗಳು. ಅಯ್ಯೋ ದೇವರೇ, ಅಂದೆ.

ಇವರು ಕುಂಬಳಕಾಯಿ ಹಿಡಿದು ಬಂದರು, ನೋಡಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಮುಖದಲ್ಲಿ ಒಂಥರಾ ನೆಮ್ಮದಿ ಕಂಡಿತು. "ಅದಕ್ಕೇ ಹೊಗೆ! ನಾನು ಹೇಳ್ಲಿಲ್ವಾ ಲೆನ್ಸಿಂದೇ ತೊಂದರೆ ಅಂತ?" ಅಂದರು. ಅತ್ತೆ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವರ ಮುಖ ಆ ಪರಿ ಬಿಳಿಚಿಕೊಂಡಿದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಕೊರೆಯುತ್ತಿತ್ತು. ವಿಭೂತಿ ಬಿದ್ದಿದ್ದು ಇವತ್ತು, ಹೊಗೆ ಶುರುವಾಗಿದ್ದು ಗೌರಿ ಹಬ್ಬಕ್ಕೆ.

ಗೆಳೆಯರೊಬ್ಬರ ಹೊಸ ಲೆನ್ಸ್ ತಂದರು. ಹೆಸರಘಟ್ಟ ರಸ್ತೆಯ ಛತ್ರದಲ್ಲಿ ಮದುವೆಯಿತ್ತು, ಹಟ ಹಿಡಿದು ನಾನೂ ಜೊತೆಗೆ ಹೋದೆ. ಹಗಲೆಲ್ಲ ಏನೂ ಇಲ್ಲ, ಸಿಳ್ಳೆ ಹಾಕಿಕೊಂಡು ಓಡಾಡಿದರು. ಹೊತ್ತು ಮುಳುಗಿ ಸೀರಿಯಲ್ ಲೈಟು ಹತ್ತಿದ್ದೇ ತಡ, ಕ್ಯಾಮೆರಾ ಕಣ್ಣಿಂದ ಇಳಿಸಿ, ಹುಬ್ಬು ಒತ್ತಿಕೊಂಡು ನನ್ನ ಹತ್ತಿರ ಬಂದರು. "ಇದಕ್ಕೂ ಹೊಗೆ ಹಿಡೀತು ಕಣೇ," ಅಂದರು. ನಾನು ಕ್ಯಾಮೆರಾ ಇಸಕೊಂಡು ನೋಡಿದೆ. ಒಂದೊಂದು ಬಲ್ಬೂ ಮಲ್ಲಿಗೆ ಮೊಗ್ಗಿನಷ್ಟು ಸ್ಪಷ್ಟ.

ಆಸ್ಪತ್ರೆ ಅಂದರೆ ಮತ್ತೆ ಅದೇ ಸಿಡುಕು. ಹೀಗೇ ಕಾರ್ತಿಕ ಬಂತು. ಅತ್ತೆ ಹೊಸ್ತಿಲಲ್ಲಿ ಹಣತೆ ಹಚ್ಚುತ್ತಿದ್ದರು. ಇವರು ತಲೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ಕ್ಯಾಮೆರಾ ಇಲ್ಲ, ಕಣ್ಣ ಮುಂದೆ ಯಾವ ಗಾಜೂ ಇಲ್ಲ. ದೀಪವನ್ನೇ ನೋಡುತ್ತಾ ಕೇಳಿದರು: "ಅವ್ವಾ, ಈ ದೀಪದ ಸುತ್ತ ಯಾಕ ಕಾಮನಬಿಲ್ಲಿನ ಬಣ್ಣ ಕಾಣಾಕತ್ತೈತಿ?"

ಅತ್ತೆಯ ಕೈಯಲ್ಲಿದ್ದ ಕಡ್ಡಿ ಬೆರಳಿಗೆ ಬರುವ ತನಕ ಉರಿಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ತಲಿ ನೋಯತೈತೇನೋ ನನ್ನಪ್ಪಾ? ಹುಬ್ಬಿನ ಮ್ಯಾಲ?"

"ಹೂಂ. ನಿಂಗ್ಯಾರು ಹೇಳಿದ್ರು?"

ಹುಬ್ಬಿನ ಮೇಲೆ ಅಂತ ಯಾರೂ ಹೇಳಿರಲಿಲ್ಲ.

ನಮ್ಮ ಮಾವ ಕುರುಡರಾಗಿ ತೀರಿಕೊಂಡವರು. ನಾನು ಅವರನ್ನು ನೋಡಿಲ್ಲ, ಇವರು ಬುದ್ಧಿ ಬಂದಾಗಿನಿಂದ ಅಪ್ಪನನ್ನು ಹಾಗೇ ನೋಡಿದ್ದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾರಣ ಒಂದೇ: ಅತ್ತೆ ಕಂದೀಲು ತಿಕ್ಕುವಾಗ ಬೂದಿ ಹಾರಿ ಮಾವನ ಕಣ್ಣಿಗೆ ಬಿತ್ತು, ಕಣ್ಣು ಹೋಯಿತು. ಅತ್ತೆಯೂ ಹಾಗೇ ಹೇಳುತ್ತಿದ್ದರು, ಅಡುಗೆಗೆ ಉಪ್ಪು ಜಾಸ್ತಿ ಹಾಕಿದವರ ಹಾಗೆ ತಲೆ ತಗ್ಗಿಸಿಕೊಂಡು. ಆ ಸಂಜೆ ಹೊಸ್ತಿಲಲ್ಲಿ ಕೂತು ಮೊದಲ ಸಲ ಪೂರ್ತಿ ಹೇಳಿದರು. ಮಾವನಿಗೂ ಸಂಜೆಯಾದರೆ ಕಂದೀಲಿನ ಸುತ್ತ ಬಣ್ಣ ಕಾಣುತ್ತಿತ್ತಂತೆ, ಹುಬ್ಬಿನ ಮೇಲೆ ನೋವಂತೆ. ಗ್ಲಾಸು ಹೊಲಸಾಗಿದೆ, ಸರಿಯಾಗಿ ತೊಳೆಯೋಕೂ ಬರಲ್ಲವೇ ನಿನಗೆ ಅಂತ ಬೈಯುತ್ತಿದ್ದರಂತೆ. ಅತ್ತೆ ಒಲೆಯ ಬೂದಿ ಹಚ್ಚಿ ತಿಕ್ಕೇ ತಿಕ್ಕಿದರಂತೆ. ಎಷ್ಟು ತಿಕ್ಕಿದರೂ ಬಣ್ಣ ಹೋಗಲಿಲ್ಲ. ಆಮೇಲೆ ಕಂದೀಲೇ ಕಾಣದಂತಾಯಿತು.

ಮರುದಿನ ನಾನು ಯಾರ ಮಾತೂ ಕೇಳಲಿಲ್ಲ. "ನೀವು ಬರದಿದ್ರೆ ನಾನು ಇಲ್ಲೇ ರಸ್ತೇಲಿ ಕೂಗಾಡ್ತೀನಿ," ಅಂದೆ. ಬಂದರು. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಯಶವಂತಪುರದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಗಲ್ಲ ಇಡಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ಒತ್ತಡ ಏರಿ ಏರಿ ಒಳಗಿನ ನರ ಸಾಯುತ್ತಿದೆ ಅಂದರು. ಬಲಗಣ್ಣಿನಲ್ಲಿ ಬಹುಪಾಲು ಹೋಗಿದೆ, ಹೋಗಿದ್ದು ಮತ್ತೆ ಬರುವುದಿಲ್ಲ. ಎಡಗಣ್ಣನ್ನು ಲೇಸರ್ ಮಾಡಿ, ಹನಿ ಹಾಕುತ್ತಾ ಉಳಿಸಿಕೊಳ್ಳಲು ನೋಡಬಹುದು. ಕ್ಯಾಮೆರಾಕ್ಕೆ ಇವರು ಇಡುತ್ತಿದ್ದದ್ದು ಬಲಗಣ್ಣು. ಮತ್ತೆ ಬರಲ್ಲ ಅನ್ನುವ ಮಾತನ್ನು ಕೋಟಿಂಗಿನ ಬಗ್ಗೆ ಎಷ್ಟು ಸಲ ಅವರ ಬಾಯಿಂದಲೇ ಕೇಳಿದ್ದೆ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಡಾಕ್ಟರಮ್ಮ ಕೇಳಿದರು.

"ಅಪ್ಪನಿಗೆ ಕಣ್ಣು ಕಾಣ್ತಿರ್ಲಿಲ್ಲ. ಅದು ಬೂದಿ ಬಿದ್ದು ಹೋಗಿದ್ದು," ಅಂದರು ಇವರು.

ನಾನು ತಡೆಯಲಾರದೆ ಮಾವನಿಗೂ ದೀಪದ ಸುತ್ತ ಬಣ್ಣ ಕಾಣುತ್ತಿದ್ದದ್ದು, ಹುಬ್ಬು ನೋಯುತ್ತಿದ್ದದ್ದು ಹೇಳಿದೆ. ಡಾಕ್ಟರಮ್ಮ ತಲೆ ಆಡಿಸಿದರು. "ಬೂದಿಯಿಂದ ಹೀಗಾಗಲ್ಲ. ದೀಪದ ಸುತ್ತ ಬಣ್ಣ, ತಲೆನೋವು ಅಂದ್ರೆ ಅವರಿಗೂ ಇದೇ ಇದ್ದಿರ್ಬೇಕು. ಇದು ಮನೆತನದಲ್ಲಿ ಬರುತ್ತೆ."

ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದರು. "ನನ್ನ ಬೂದಿ ಅಲ್ಲೇನ್ರೀ?"

"ಅಲ್ಲಮ್ಮ."

"ಖರೇನ? ನನ್ನ ಬೂದಿ ಅಲ್ಲ?"

"ಅಲ್ಲಮ್ಮ, ಅಲ್ಲ."

ಅತ್ತೆ ಅಳಲಿಲ್ಲ. "ಸಾಯೋತನಕ ನಮ್ಮನಿಯವರು ನಿನ್ನ ಬೂದಿನಽ ಅಂದ್ರು," ಅಂದರು, ಅಷ್ಟೇ.

ಲೇಸರ್ ಆಯಿತು. ಬೆಳಿಗ್ಗೆ ಸಂಜೆ ಹನಿ ಹಾಕುವುದು ನನ್ನ ಕೆಲಸ. ಎಡಗಣ್ಣಿಗೆ ಕ್ಯಾಮೆರಾ ಇಡುವುದನ್ನು ಅವರು ಹೊಸದಾಗಿ ಕಲಿತರು. ಬಲಗಡೆ ಯಾರಾದರೂ ಬಂದು ನಿಂತರೆ ಗೊತ್ತೇ ಆಗುವುದಿಲ್ಲ. ಹೆಬ್ಬಾಳದ ಫ್ಲೈಓವರಿನ ಮೇಲೆ ಸ್ಕೂಟರ್ ಓಡಿಸುವವಳು ಈಗ ನಾನು.

ಮುಂದಿನ ವರ್ಷದ ಆಯುಧ ಪೂಜೆಗೆ ಅತ್ತೆ ಕ್ಯಾಮೆರಾದ ಹತ್ತಿರ ಸುಳಿಯಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನಾ ಮುಟ್ಟಂಗಿಲ್ಲಪ್ಪಾ, ನೀವಽ ಮಾಡ್ರಿ," ಅಂದರು. ಇವರು ಆ ಗೀರು ಬಿದ್ದ ಲೆನ್ಸನ್ನೇ ತಂದರು. ಮುಚ್ಚಳ ತೆಗೆದು, ಬ್ಲೋವರನ್ನು ಅವ್ವನ ಕೈಯಲ್ಲಿಟ್ಟರು. "ನೀನಽ ಒರಸಬೇಕು. ನಾ ಹೇಳಿಕೊಡ್ತೀನಿ."

ಅತ್ತೆ ಕೈ ತೊಳೆದು ಬಂದರು. ಮುಖ ಕೆಳಗೆ ಮಾಡಿ ಗಾಳಿ ಹೊಡೆದರು, ಬ್ರಷ್ಷಿನಲ್ಲಿ ಸವರಿದರು. ಬಟ್ಟೆಗೆ ಒಂದು ಹನಿ ಹಾಕಿಕೊಂಡು ನಡುವಿನಿಂದ ಹೊರಕ್ಕೆ, ಒತ್ತದೆ, ಉಸಿರು ಬಿಗಿಹಿಡಿದು ಒರೆಸಿದರು. ಇವರು ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ, ಎಡಗಣ್ಣಿಗೆ ಇಟ್ಟುಕೊಂಡು, ದೇವರ ಮುಂದಿನ ನಂದಾದೀಪದ ಕಡೆ ತಿರುಗಿದರು. ಅತ್ತೆ ಮಗನ ಬಾಯಿಯನ್ನೇ ನೋಡುತ್ತಿದ್ದರು.

"ಗ್ಲಾಸು ಸ್ವಚ್ಛ ಐತವ್ವಾ. ಏನೂ ಇಲ್ಲ, ದೀಪ ಒಂದಽ ಕಾಣ್ತೈತಿ."

ಅತ್ತೆ ಅಲ್ಲೇ ನೆಲಕ್ಕೆ ಕೂತು, ಮುಖ ಮುಚ್ಚಿಕೊಂಡು, ಗಂಡ ಸತ್ತ ದಿನವೂ ಹಾಗೆ ಅತ್ತಿರಲಾರರು, ಅಂಥಾ ಅಳು ಅತ್ತರು.

ಕೋಟಿಂಗ್ ಕೆರೆದುಹೋದ ಆ ಲೆನ್ಸಿನಲ್ಲಿ ದೀಪ ನೋಡಿದರೆ ಯಾರ ಕಣ್ಣಿಗಾದರೂ ಮಬ್ಬು ಕಂಡೇ ಕಾಣುತ್ತೆ. ನಾನು ನೋಡಿ ಬಲ್ಲೆ. ಇವರಿಗೆ ಆ ಮಬ್ಬಷ್ಟೇ ಕಂಡಿತೋ, ಅದರ ಸುತ್ತ ಬಣ್ಣವೂ ಇತ್ತೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವರು ಕ್ಯಾಮೆರಾ ನನ್ನ ಕಡೆ ಚಾಚಿದರು. ನಾನೂ ನೋಡಿ, "ಹೌದು ಅತ್ತೆ, ಏನೂ ಇಲ್ಲ," ಅಂದೆ.