ಕಮಾಂಡಿನ ಹೆಸರು ಯಾರದು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಬಿಡುವಿನಲ್ಲಿ ಒಂದು ಡೀಬಗ್ಗರ್ ರಿಪೇರಿಗೆ ಕೂತೆ. ಬೇರೆ ಪ್ರೋಗ್ರಾಮುಗಳ ತಪ್ಪು ಹುಡುಕಿಕೊಡುವ ಪ್ರೋಗ್ರಾಮ್ ಅದು. ಯಾರು ಬೇಕಾದರೂ ತಿದ್ದಿ, ಅದನ್ನು ನೋಡಿಕೊಳ್ಳುವವರಿಗೆ ಕಳಿಸಬಹುದಿತ್ತು. ನಾವು ಹೊಸ ಕಮಾಂಡ್ ಸೇರಿಸಿದರೆ ಅದರ ಹೆಸರಿಗೆ ಮೆಮೊರಿಯಲ್ಲಿ ಜಾಗ ಹಿಡಿಯುತ್ತಿತ್ತು. ಕಮಾಂಡ್ ಅಳಿಸಿದ ಮೇಲೂ ಆ ಜಾಗ ಬಿಡುತ್ತಿರಲಿಲ್ಲ. ಅಳಿಸಿದ ಕಮಾಂಡುಗಳ ಹೆಸರಿನ ಜಾಗವನ್ನೆಲ್ಲ ನಾನೇ ಬಿಡಿಸಿದೆ. ತಪ್ಪು ಹುಡುಕುವ ಪ್ರೋಗ್ರಾಮೇ ಕ್ರ್ಯಾಶ್ ಆಯಿತು.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಜೊತೆಗೆ ಓಡಾಡುತ್ತಿದ್ದ ಗಣಿತದ ಮೇಡಂಗೆ ಹೇಳಿಕೊಂಡೆ.

"ಎಲ್ಲಾ ಹೆಸರಿಗೂ ಹಂಗೇ ಜಾಗ ಹಿಡಿದಿತ್ತಾ?" ಎಂದರು.

"ಇಲ್ಲ ಮೇಡಂ. ಮೊದಲಿಂದ ಇರೋ ಕಮಾಂಡುಗಳ ಹೆಸರು ಪ್ರೋಗ್ರಾಮಿನಲ್ಲೇ ಬರೆದಿರುತ್ತೆ, ಬೇರೆ ಜಾಗ ಹಿಡಿಯಲ್ಲ. ಅವನ್ನ ಅಳಿಸಿದಾಗಲೂ ನಾನು ಬಿಡಿಸಿದ್ದೆ."

"ಮತ್ತೆ ಅದನ್ನ ಬಿಟ್ಕೊಡೋಕೆ ನೀವ್ಯಾರು ಸಾರ್?"

ಮರುದಿನ ಪ್ರತಿ ಕಮಾಂಡಿಗೂ ಒಂದು ಗುರುತು ಹಾಕಿದೆ. ಹೆಸರಿಗೆ ಬೇರೆ ಜಾಗ ಹಿಡಿದಿದ್ದರೆ ಮಾತ್ರ ಬಿಡಬೇಕು. ಕ್ರ್ಯಾಶ್ ನಿಂತಿತು. ಖುಷಿಯಿಂದ ಡೀಬಗ್ಗರ್ ನೋಡಿಕೊಳ್ಳುವವರಿಗೆ ಮೇಲ್ ಮಾಡಿದೆ. ಮೂರು ವಾರಕ್ಕೆ ಉತ್ತರ ಬಂತು.

"ಏನಂದ್ರು?" ಎಂದು ಮೇಡಂ ಬಸ್ಸಿನಲ್ಲಿ ಕೇಳಿದರು.

"ಕೋಡಿನ ನಡುವೆ ವಿವರಣೆಗೆ ಬರೆಯೋ ಕಾಮೆಂಟಿನಲ್ಲಿ ಫುಲ್‌ಸ್ಟಾಪ್ ಆದಮೇಲೆ ಎರಡು ಸ್ಪೇಸ್ ಇರಬೇಕಂತೆ."

"ಹೆಸರಿನ ವಿಷಯ?"

"ಅದರ ಬಗ್ಗೆ ಏನೂ ಬರೆದಿಲ್ಲ."

ಸ್ಪೇಸ್ ಸರಿಮಾಡಿ ಮತ್ತೆ ಕಳಿಸಿದೆ. ಸೇರಿಸಿಕೊಂಡರು.