ಭಾಷಣಕ್ಕೆ ವಿಸಿಲ್ ಬಿದ್ದ ಭಾನುವಾರ

ಶನಿವಾರ, ಭಾನುವಾರ ಬಂತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾವುದಾದರೊಂದು ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ಒಂದು ವಾರ ವಾಲಿಬಾಲ್, ಒಂದು ವಾರ ರಸಮಂಜರಿ, ಮೂರು ವಾರ ಕಬಡ್ಡಿ. ಯಾವುದೇ ಇರಲಿ, ಮೈಕ್ ಹಿಡಿಯುವವನು ನಾನೇ. ಉಳಿದ ದಿನ ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ರಿಪೇರಿಯಾದ ಮೊಬೈಲ್‌ಗಳು ಎಷ್ಟು ದಿನ ಬಾಳುತ್ತವೆ ಎಂಬುದನ್ನು ಇಲ್ಲಿ ಕೆದಕುವುದು ಬೇಡ.

ನನ್ನ ಬಂಡವಾಳವೆಲ್ಲ ಬೇರೆಯವರ ಗಂಟಲು. ಪಂಚನಹಳ್ಳಿ ಬಸ್ಸಿನ ಕಂಡಕ್ಟರ್, ನೀರು ಸಿಗದೆ ಮುನ್ನೂರು ಅಡಿಯಲ್ಲಿ ನರಳುವ ಬೋರ್‌ವೆಲ್ ಲಾರಿ, ಅಳಿಯನನ್ನು ಕರೆಯುವಾಗ ಒಂದು ದನಿ, ಮಗಳನ್ನು ಬೈಯುವಾಗ ಇನ್ನೊಂದು ದನಿ ತೆಗೆಯುವ ನಮ್ಮ ಪಕ್ಕದ ಮನೆಯ ಅತ್ತೆ, ಎಲ್ಲರೂ ನನ್ನ ಬಾಯೊಳಗೆ ಬಾಡಿಗೆಗಿದ್ದಾರೆ. ಒಮ್ಮೆ ಅಂಗಡಿಯೊಳಗೆ ಕೂತು ರೈಲ್ವೆ ಸ್ಟೇಷನ್ನಿನ ಹೆಣ್ಣುದನಿಯಲ್ಲಿ ಗಾಡಿ ಎರಡನೇ ಪ್ಲಾಟ್‌ಫಾರಂಗೆ ಬರುತ್ತಿದೆ ಎಂದೆ. ಹೊರಗೆ ಟೀ ಕುಡಿಯುತ್ತಿದ್ದ ಸೋದರಮಾವ ಅರ್ಧ ಗ್ಲಾಸು ಬಿಟ್ಟು ಓಡಿದವರು, ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಠದ ಸ್ವಾಮಿಗಳ ದನಿಯೊಂದನ್ನು ಮಾತ್ರ ಮುಟ್ಟುವುದಿಲ್ಲ. ಭಕ್ತಿಯಿಂದ ಅಂದುಕೊಳ್ಳಬೇಡಿ, ಅವ್ವ ಊಟ ಹಾಕುವುದಿಲ್ಲ, ಅಷ್ಟೇ.

ಇನ್ನು ಕಬಡ್ಡಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಅದನ್ನು ಆಡಿದ್ದು ಒಂದೇ ಸಲ. ಮೊದಲ ರೈಡ್‌ನಲ್ಲೇ ಉಸಿರು ಕಟ್ಟಿ ಕೂತುಬಿಟ್ಟೆ. ಎದುರಾಳಿಗಳು ಹಿಡಿಯುವ ಬದಲು ನೀರು ಕೊಟ್ಟರು.

ನಮ್ಮ ಕಡೆ ಫೈನಲ್ ಪಂದ್ಯಕ್ಕೊಂದು ಪದ್ಧತಿಯಿದೆ. ಅತಿಥಿಗಳು ಬಂದು, ಅಂಕಣಕ್ಕಿಳಿದು, ಆಟಗಾರರ ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಭಾಷಣ ಮಾಡಿ, ಶಾಲು ಹೊದೆಸಿಕೊಂಡ ಮೇಲೆಯೇ ವಿಸಿಲ್ ಊದಬೇಕು. ಅತಿಥಿಗಳಿಗೂ ಒಂದು ಪದ್ಧತಿಯಿದೆ. ಮೂರು ಗಂಟೆಗೆ ಅಂದರೆ ಐದಕ್ಕೆ ಬರುತ್ತಾರೆ. ಗಂಡಸರ ಫೈನಲ್ ಕೊನೆಯದು, ಅದನ್ನು ಕತ್ತರಿಸಿದರೆ ಕುರ್ಚಿಗಳು ಹಾರುತ್ತವೆ. ಹಾಗಾಗಿ ತಡವಾದಷ್ಟನ್ನೂ ಕತ್ತರಿಸುವುದು ಹೆಣ್ಣುಮಕ್ಕಳ ಫೈನಲ್‌ನಿಂದ.

ಕಡೂರಿನಲ್ಲಿ ಹೀಗೆಯೇ ಆಯಿತು. ಹೆಣ್ಣುಮಕ್ಕಳ ಫೈನಲ್ ಆಡಿಸಲೇ ಇಲ್ಲ, ನಾಣ್ಯ ಚಿಮ್ಮಿ ಗೆದ್ದವರು ಯಾರೆಂದು ತೀರ್ಮಾನಿಸಿದರು. ತರೀಕೆರೆಯಲ್ಲಿ ಸ್ವಲ್ಪ ಉದಾರಿಗಳಾಗಿ ಐದೈದು ನಿಮಿಷ ಕೊಟ್ಟರು. ಎರಡೂ ಕಡೆ ‘ಸಮಯದ ಅಭಾವದಿಂದಾಗಿ’ ಎಂದು ಮೈಕ್‌ನಲ್ಲಿ ಸಾರಿದವನು ನಾನೇ. ಆ ‘ಅಭಾವ’ವನ್ನು ಸುದ್ದಿ ಓದುವವರ ಗತ್ತಿನಲ್ಲಿ ಎಳೆದು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಮೂರನೆಯ ಭಾನುವಾರ ಅಜ್ಜಂಪುರ. ಫೈನಲ್‌ಗೆ ಬಂದವು ಮತ್ತದೇ ಎರಡು ತಂಡಗಳು, ತರೀಕೆರೆಯವರು ಮತ್ತು ಚೌಳಹಿರಿಯೂರು ಕಡೆಯವರು. ಚೌಳಹಿರಿಯೂರು ತಂಡದ ನಾಯಕಿ ಊರಿನ ಡೈರಿಯಲ್ಲಿ ಹಾಲು ಅಳೆಯುವವಳು. ಸಂಜೆಯ ಹಾಲಿಗೆ ನಾದಿನಿಯನ್ನು ನಿಲ್ಲಿಸಿ, ಗೂಡ್ಸ್ ಆಟೋದ ಹಿಂದೆ ತನ್ನ ತಂಡವನ್ನು ಕೂರಿಸಿಕೊಂಡು ಮೂರು ವಾರದಿಂದಲೂ ಬರುತ್ತಿದ್ದಳು. ಕಡೂರಿನಲ್ಲಿ ನಾಣ್ಯ ಅವಳ ಪರ ಬಿದ್ದಿತ್ತು. ಕೊಟ್ಟ ಕಪ್ಪನ್ನು ಅವಳು ಮೇಜಿನ ಮೇಲೇ ಬಿಟ್ಟುಹೋಗಿದ್ದಳು.

ಅವತ್ತಿನ ಮುಖ್ಯ ಅತಿಥಿ ಒಬ್ಬ ಮಾಜಿ. ಯಾವುದರ ಮಾಜಿ ಎಂಬುದು ಊರಿಗೂ ಮರೆತಿದೆ, ಫ್ಲೆಕ್ಸ್‌ನಲ್ಲೂ ಬರೀ ‘ಮಾಜಿ’ ಎಂದೇ ದೊಡ್ಡದಾಗಿತ್ತು. ಮೂರೂರಿನ ಪಂದ್ಯಗಳನ್ನೂ ನಡೆಸುವ ಯುವಕ ಸಂಘದ ಅಧ್ಯಕ್ಷರು ಮಾಲೆ, ಪೇಟ, ಡೊಳ್ಳಿನ ತಂಡದೊಂದಿಗೆ ಮುಖ್ಯರಸ್ತೆಯ ಕಮಾನಿನ ಕೆಳಗೆ ಕಾಯಲು ಹೊರಟರು. ಹೋಗುವ ಮುಂಚೆ ನನ್ನ ಮೇಜಿಗೆ ಬಂದು, ಅವರು ಬರೋವರ್ಗೂ ಆಟ ಶುರು ಮಾಡಿಸ್ಬೇಡ, ಜನಾನ ನಗಿಸ್ತಿರು ಎಂದು ಅಪ್ಪಣೆ ಕೊಟ್ಟರು.

ನಗಿಸಿದೆ. ಮೂರರಿಂದ ನಾಲ್ಕರವರೆಗೆ ಕಂಡಕ್ಟರನನ್ನು ಇಳಿಸಿದೆ, ಬೋರ್‌ವೆಲ್ ಲಾರಿ ಓಡಿಸಿದೆ, ಅತ್ತೆಯಿಂದ ಅಳಿಯನಿಗೆ ಹೋಳಿಗೆ ಬಡಿಸಿದೆ. ಜನ ನಕ್ಕರು. ಅಂಕಣದ ಅಂಚಿನಲ್ಲಿ ಎರಡೂ ತಂಡದ ಹುಡುಗಿಯರು ಮಾತ್ರ ನಗದೆ ಕೂತಿದ್ದರು. ಎರಡು ಸಲ ಮೈ ಬಿಸಿ ಮಾಡಿಕೊಂಡಿದ್ದರು, ಎರಡು ಸಲವೂ ಅದು ಆರಿತ್ತು.

ನಾಲ್ಕೂಕಾಲಿಗೆ ನಾಯಕಿ ಮೇಜಿನ ಹತ್ತಿರ ಬಂದಳು. ಮೊಣಕಾಲಿಗೆ ಕಟ್ಟಿದ್ದ ಪಟ್ಟಿಯನ್ನು ಬಿಗಿಮಾಡುತ್ತಲೇ ಕೇಳಿದಳು.

“ಇವತ್ತು ಎಷ್ಟು ನಿಮಿಷ ಕಣಣ್ಣ? ಅದನ್ನೂ ಮಿಮಿಕ್ರಿಲೇ ಹೇಳ್ತೀಯಾ?”

ನಾನೇನು ಮಾಡಲಿ, ಅತಿಥಿಗಳು ಬರಬೇಕಲ್ಲ ಎಂದು ತೊದಲಿದೆ.

“ಕಡೂರಲ್ಲಿ ಆಟ ಇಲ್ಲ ಅಂದಿದ್ದು ನಿನ್ ಬಾಯಿ. ತರೀಕೆರೇಲಿ ಐದೈದು ನಿಮಿಷ ಅಂದಿದ್ದೂ ನಿನ್ ಬಾಯೇ. ಅವ್ರ್ ಯಾರೂ ನಮ್ಗೆ ಹೇಳ್ಲಿಲ್ಲ, ನೀನ್ ಹೇಳ್ದೆ. ನಮ್ಗೆ ಹದಿನೈದು ಹದಿನೈದು ಪೂರಾ ಬೇಕು. ಸೋತ್ರೂ ಪರ್ವಾಗಿಲ್ಲ, ಆಡಿ ಸೋಲ್ತೀವಿ.”

ಹೇಳಿ ಹೋಗಿ ತನ್ನ ಜಾಗದಲ್ಲಿ ಕೂತಳು. ಮೈಕ್ ನನ್ನ ಕೈಯಲ್ಲೇ ಇತ್ತು.

ಆಗ ಸಭೆಯಿಂದ ಯಾರೋ ಕೂಗಿದರು, ಮಾಜಿ ವಾಯ್ಸ್ ಬಿಡೋ ಎಂದು. ಆ ದನಿ ನನಗೆ ಕರತಲಾಮಲಕ. ಮೂರು ಮಾತಿಗೊಮ್ಮೆ ‘ಆ ನಿಟ್ಟಿನಲ್ಲಿ’, ಅದರ ಬೆನ್ನಿಗೆ ಒಂದು ಕೆಮ್ಮು, ಕೆಮ್ಮಿನ ನಂತರ ಚಪ್ಪಾಳೆಗೆ ಕಾಯುವ ಮೌನ. ಶುರು ಮಾಡಿದಾಗ ತಮಾಷೆಗೇ ಶುರು ಮಾಡಿದೆ. ಎರಡನೆಯ ಕೆಮ್ಮಿನ ಹೊತ್ತಿಗೆ ನನಗೆ ದಾರಿ ಕಂಡಿತು. ಅತಿಥಿ ಬಂದು ಭಾಷಣ ಮಾಡಬೇಕು, ಅಷ್ಟೇ ತಾನೇ? ಆ ಭಾಷಣ ನನ್ನ ಹತ್ತಿರವೇ ಇದೆಯಲ್ಲ.

“ನಾನು ಬಂದು ಬಹಳ ಹೊತ್ತಾಯಿತು. ಆ ನಿಟ್ಟಿನಲ್ಲಿ, ನನಗೋಸ್ಕರ ಈ ಹೆಣ್ಣುಮಕ್ಕಳನ್ನು ಕಾಯಿಸುವುದು ಸರಿಯಲ್ಲ. ಹದಿನೈದು ನಿಮಿಷದ ಎರಡು ಅರ್ಧಗಳು, ಪೂರ್ತಿ. ಪಂದ್ಯವನ್ನು ಉದ್ಘಾಟಿಸಿದ್ದೇನೆ. ಊದಿ, ಮೇಷ್ಟ್ರೇ.”

ಅಂಪೈರ್ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಮೂವತ್ತು ವರ್ಷ ಮೈಕ್ ಹೇಳಿದಂತೆ ಪ್ರಾರ್ಥನೆ, ಮೈಕ್ ಹೇಳಿದಂತೆ ಕವಾಯತು ಮಾಡಿಸಿದವರು. ಅವರು ನನ್ನತ್ತ ನೋಡಿದರು, ಖಾಲಿ ವೇದಿಕೆಯತ್ತ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಊದಿದರು.

ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮೂರುಗಳಲ್ಲಿ ಮೈದಾನಕ್ಕಷ್ಟೇ ಹಾರ್ನ್ ಸ್ಪೀಕರ್ ಕಟ್ಟಿದರೆ ಕಾರ್ಯಕ್ರಮಕ್ಕೆ ಅವಮಾನ. ಕಮಾನಿನವರೆಗೂ ಕಂಬಕಂಬಕ್ಕೆ ಕಟ್ಟಿದ್ದರು. ಅಲ್ಲಿ ಮಾಲೆ ಹಿಡಿದು ನಿಂತ ಅಧ್ಯಕ್ಷರ ತಲೆಯ ಮೇಲೆಯೇ ಮಾಜಿಯವರ ದನಿ ‘ನಾನು ಬಂದು ಬಹಳ ಹೊತ್ತಾಯಿತು’ ಎಂದಿತು. ಅಧ್ಯಕ್ಷರು ಗಾಬರಿ ಬಿದ್ದರು. ಗಾಡಿ ಹಿಂದಿನ ರಸ್ತೆಯಿಂದ ಒಳಗೆ ಬಂದ್ಬಿಟ್ಟಿದೆ ಕಣ್ರೋ ಎಂದವರೇ ಪಂಚೆ ಎತ್ತಿಕಟ್ಟಿ ಓಡಿದರು. ಮಾಲೆ ಓಡಿತು, ಪೇಟದ ತಟ್ಟೆ ಓಡಿತು, ಡೊಳ್ಳುಗಳು ಓಡಿದವು. ಅವರ ಬೆನ್ನು ತಿರುವಿನಲ್ಲಿ ಮರೆಯಾದ ಎರಡೇ ನಿಮಿಷಕ್ಕೆ ನಿಜವಾದ ಮಾಜಿ ಕಮಾನಿನ ಕೆಳಗೆ ಕಾರಿನಿಂದಿಳಿದರು. ಎದುರಿಗೆ ಅವರದೇ ಫ್ಲೆಕ್ಸ್ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದು ಡೊಳ್ಳಿನ ಸಮೇತ ಮೈದಾನಕ್ಕೆ ನುಗ್ಗಿದ ಅಧ್ಯಕ್ಷರನ್ನು. ವೇದಿಕೆ ನೋಡಿದರು. ಕುರ್ಚಿಗಳ ಕೆಳಗೂ ನೋಡಿದರು ಎಂದರೆ ಸುಳ್ಳಾದೀತು, ಆದರೆ ನೋಡುವವರ ಹಾಗೆ ಬಗ್ಗಿದ್ದಂತೂ ನಿಜ. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು, ಅವರ ಮುಖ ಬೂದಿಯಾಯಿತು.

ಆಟ ನಿಲ್ಸು ಎಂದರು. ರೈಡ್ ನಡೀತಿದೆ ಎಂದೆ. ಮೈಕ್ ಕೊಡು ಎಂದರು. ಕೊಡಲಿಲ್ಲ, ಕಾಮೆಂಟರಿ ಹೇಳುತ್ತಲೇ ಇದ್ದೆ. ಅವರು ಅಂಪೈರ್ ಹತ್ತಿರ ಹೋದರು. ಊದಿ ಆಗಿದೆ, ಇನ್ನು ಅರ್ಧಕ್ಕೆ ನಿಲ್ಸೋಕೆ ಮಳೆ ಬರಬೇಕು ಎಂದರು ಮೇಷ್ಟ್ರು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಅಲ್ಲಿಯವರೆಗೆ ನನ್ನ ಮಿಮಿಕ್ರಿಗೆ ನಗುತ್ತಿದ್ದ ಜನ ಆಗಲೇ ಅಂಕಣದ ಸುತ್ತ ಮೂರು ಸಾಲು ಒತ್ತಿ ನಿಂತು ಕೂಗುತ್ತಿದ್ದರು, ಅಧ್ಯಕ್ಷರಿಗೆ ನಡುವೆ ನುಸುಳಲೂ ಜಾಗವಿರಲಿಲ್ಲ.

ಮಾಜಿಯವರು ಬಂದು ಕೂತಾಗ ಚೌಳಹಿರಿಯೂರು ಒಂದು ಅಂಕ ಮುಂದಿತ್ತು. ವಿರಾಮ ಬಂತು. ಐದು ನಿಮಿಷ. ಆ ಐದು ನಿಮಿಷ ನಿಮ್ಮದೇ ಎಂದು ನಾನಾಗಿಯೇ ಅಧ್ಯಕ್ಷರಿಗೆ ಮೈಕ್ ಕೊಟ್ಟೆ. ಇದನ್ನು ದೊಡ್ಡತನ ಎಂದುಕೊಂಡಿದ್ದೆ. ಮಾಲೆ, ಪೇಟ, ಶಾಲು ಮುಗಿಯುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಮಾಜಿಯವರು ಎದ್ದು ನಿಂತು ‘ಆ ನಿಟ್ಟಿನಲ್ಲಿ’ ಎಂದರು. ಜನರೆಲ್ಲ ಹೋ ಎಂದು ನಕ್ಕರು. ಪಾಪ, ಅವರ ಭಾಷಣ ಆಗಲೇ ಹಳೆಯದಾಗಿತ್ತು. ಅವರು ಕೆಮ್ಮಿದರು. ಆ ಕೆಮ್ಮಿನ ನಂತರದ ಮೌನದೊಳಗೆ, ಸರಿಯಾಗಿ ಐದನೇ ನಿಮಿಷಕ್ಕೆ, ಮೇಷ್ಟ್ರು ವಿಸಿಲ್ ಊದಿದರು. ಹುಡುಗಿಯರು ಅಂಕಣಕ್ಕಿಳಿದರು. ಮಾಜಿಯವರು ಬಾಯಿ ತೆರೆದವರು ತೆರೆದ ಹಾಗೆಯೇ ಮೈಕನ್ನು ಅಧ್ಯಕ್ಷರ ಕೈಗಿಟ್ಟು ಕೂತರು. ನಾನು ಅಧ್ಯಕ್ಷರ ಕೈಯಿಂದ ಮೈಕ್ ಕಸಿದುಕೊಂಡೆ. ಬೇಡಿದೆ ಎಂದು ಬರೆದರೆ ಮರ್ಯಾದೆಯಾಗಿ ಕಾಣುತ್ತದೆ, ಆದರೆ ಕಸಿದದ್ದೇ ನಿಜ.

ಎರಡನೇ ಅರ್ಧದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಹೇಳುವುದೇ ಕಸುಬಾದವನು, ಆದರೂ ಆ ಹದಿನೈದು ನಿಮಿಷದಲ್ಲಿ ಯಾರ ದನಿಯನ್ನೂ ಅನುಕರಿಸಲು ನನಗೆ ಪುರಸೊತ್ತೇ ಸಿಗಲಿಲ್ಲ. ತರೀಕೆರೆಯವರ ಕಡೆ ಎಡಮೂಲೆಯಲ್ಲಿ ನಿಲ್ಲುವ ಒಬ್ಬ ಗಟ್ಟಿ ಹುಡುಗಿ ಇದ್ದಳು. ಹಿಂದಿನ ವಾರ ಐದೈದು ನಿಮಿಷದ ಆಟದಲ್ಲಿ ಅವಳು ಯಾರನ್ನೂ ಹಿಡಿಯುವ ಮೊದಲೇ ಆಟ ಮುಗಿದಿತ್ತು. ಈ ಸಲ ಆರು ಜನರನ್ನು ಹಿಡಿದಳು. ಇಷ್ಟು ದಿನ ನಾವು ಏನನ್ನು ಕತ್ತರಿಸಿ ಎಸೆಯುತ್ತಿದ್ದೆವು ಎಂಬುದು ನನಗೆ ಆಗ ಕಂಡಿತು.

ಕೊನೆಯ ರೈಡ್. ತರೀಕೆರೆ ಇಪ್ಪತ್ತೇಳು, ಚೌಳಹಿರಿಯೂರು ಇಪ್ಪತ್ತಾರು. ನಾಯಕಿಯೇ ಹೋದಳು. ಒಬ್ಬಳನ್ನು ಮುಟ್ಟಿದ್ದರೆ ಸಮ, ಇಬ್ಬರನ್ನು ಮುಟ್ಟಿದ್ದರೆ ಗೆಲುವು. ಅವಳು ಇಬ್ಬರಿಗೆ ಆಸೆಪಟ್ಟಳು. ಯಾರನ್ನೂ ಮುಟ್ಟುವ ಮೊದಲೇ ಎಡಮೂಲೆಯವಳು ಪಾದ ಹಿಡಿದಳು, ಉಳಿದವರು ಮೇಲೆ ಬಿದ್ದರು. ನಡುಗೆರೆಗೆ ಚಾಚಿದ ಕೈ ಒಂದು ಗೇಣು ದೂರದಲ್ಲೇ ನಿಂತಿತು. ಇಪ್ಪತ್ತೆಂಟು, ಇಪ್ಪತ್ತಾರು. ವಿಸಿಲ್.

ನಾನು ಅಂಕ ಸಾರಿದೆ, ಹಾರ್ನ್‌ನಲ್ಲಿ ದನಿ ಬರಲಿಲ್ಲ. ಅಧ್ಯಕ್ಷರು ಆಂಪ್ಲಿಫೈಯರ್ ಆಫ್ ಮಾಡಿದ್ದರು.

“ಮೊದ್ಲು ಸಾಹೇಬ್ರ ಕಾಲ್ ಮುಟ್ಟಿ ತಪ್ಪಾಯ್ತು ಅನ್ನು. ಆಮೇಲ್ ಆನ್ ಮಾಡ್ತೀನಿ. ಇಲ್ದಿದ್ರೆ ಇನ್ಮೇಲೆ ಈ ಮೂರೂರಲ್ಲಿ ಎಲ್ಲೂ ನಿನ್ಗೆ ಮೈಕ್ ಇಲ್ಲ.”

ಮಾಜಿಯವರು ಪೇಟ ಸರಿಮಾಡಿಕೊಂಡು ಕಾಲು ಸ್ವಲ್ಪ ಮುಂದಕ್ಕೆ ಇಟ್ಟು ಕೂತರು. ಮೈಕ್ ಇಲ್ಲದ ಭಾನುವಾರ ಎಂದರೆ ನಾನು ಬರೀ ಸ್ಕ್ರೂಡ್ರೈವರ್ ಹಿಡಿದ ಮನುಷ್ಯ. ಒಂದು ಕ್ಷಣ ಸೊಂಟ ಬಗ್ಗಿತು ಕೂಡ, ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ನಾಯಕಿ ಮೇಜಿಗೆ ಬಂದಳು. ತುಟಿಗೆ ಮಣ್ಣು ಮೆತ್ತಿತ್ತು, ಕಣ್ಣು ತುಂಬಿತ್ತು, ಆದರೆ ಅಳುತ್ತಿರಲಿಲ್ಲ.

“ಅಂಕ ಹೇಳಣ್ಣ. ನಾವ್ ಸೋತಿದ್ದು ಊರಿಗೆಲ್ಲ ಕೇಳ್ಬೇಕು.”

ಬಗ್ಗಿದ ಸೊಂಟ ನೆಟ್ಟಗಾಯಿತು. ಮೇಜಿನ ಮೇಲೆ ಹತ್ತಿದೆ. ಅಧ್ಯಕ್ಷರು ಅಂಗಿ ಹಿಡಿದೆಳೆದರು, ಒಂದು ಗುಂಡಿ ಅವರ ಕೈಗೆ ಹೋಯಿತು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಹೆಣ್ಣುಮಕ್ಕಳ ಫೈನಲ್, ಮೂವತ್ತು ನಿಮಿಷ ಪೂರ್ತಿ, ತರೀಕೆರೆ ಇಪ್ಪತ್ತೆಂಟು, ಚೌಳಹಿರಿಯೂರು ಇಪ್ಪತ್ತಾರು. ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ಮುಂದಿನವರು ತಿರುಗಿ ಹಿಂದಿನವರಿಗೆ ಹೇಳಿದರು, ಅವರು ಗೇಟಿನ ಹತ್ತಿರದವರಿಗೆ ಹೇಳಿದರು.

ಅವತ್ತಿನಿಂದ ನನಗೆ ಮೈಕ್ ಇಲ್ಲ. ನಾಲ್ಕು ಭಾನುವಾರವಾಯಿತು. ನನ್ನ ಜಾಗಕ್ಕೆ ಬಂದವನು ಪ್ರತಿ ರೈಡನ್ನೂ ಮದುವೆಯ ಕರೆಯೋಲೆ ಓದಿದ ಹಾಗೆ ಓದುತ್ತಾನೆ. ಸಂಘದವರು ಅಜ್ಜಂಪುರದ ಪಂದ್ಯಾವಳಿಯ ಫೋಟೋಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಶಾಲಿನದು, ಪೇಟದ್ದು, ಗಂಡಸರ ಕಪ್ಪಿನದು. ಹೆಣ್ಣುಮಕ್ಕಳ ಫೈನಲ್ ನಡೆದದ್ದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ.

ಮೊನ್ನೆ ಅಧ್ಯಕ್ಷರು ಫೋನ್ ಮಾಡಿದರು. ಜನ ಬರ್ತಾ ಇಲ್ಲ ಎಂದು ಅವರು ಹೇಳಲಿಲ್ಲ, ಮುಂದಿನ ವಾರ ಕಡೂರಿನಲ್ಲಿ ಮತ್ತೆ ಕಬಡ್ಡಿ ಇದೆ ಎಂದರು. ಕಾಲು ಮುಟ್ಟುವುದೆಲ್ಲ ಬೇಡ, ಗುಂಪಿನಲ್ಲಿ ‘ಸಾರಿ’ ಅಂತ ಒಂದು ಮಾತು ಹಾಕು, ಮುಗಿಯಿತು ಎಂದರು. ನಾನು ಹಾಕುವುದಿಲ್ಲ ಎಂದೆ. ಮೊದಲು ನೀವು ಆ ಗುಂಪಿನಲ್ಲಿ ಹೆಣ್ಣುಮಕ್ಕಳ ಫೈನಲ್‌ನ ಅಂಕ ಹಾಕಿ, ಕಡೂರಿನಲ್ಲಿ ಹದಿನೈದು ಹದಿನೈದು ನಿಮಿಷ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿ, ಆಮೇಲೆ ಮೈಕ್ ವಿಚಾರ ಮಾತಾಡೋಣ ಎಂದೆ.

“ಜಾಸ್ತಿ ಆಯ್ತು ಕಣೋ ನಿಂದು,” ಎಂದರು.

ಹೌದು, ಜಾಸ್ತಿಯೇ ಎಂದೆ.

ಅವರು ಫೋನ್ ಇಡಲಿಲ್ಲ. ಹಿಂದಿನಿಂದ ಬೋರ್‌ವೆಲ್ ಲಾರಿಯೋ ಏನೋ ಗುರುಗುಡುವ ಸದ್ದು ಬರುತ್ತಿತ್ತು. ಆಮೇಲೆ ಕೇಳಿದರು.

“ಎಷ್ಟಕ್ಕೆ ಎಷ್ಟು ಅಂದೆ ಅವತ್ತು?”

ನಾನು ಬಿಡಿಸಿ ಬಿಡಿಸಿ ಹೇಳಿದೆ. ಬರ್ಕೊಳ್ಳಿ ಎಂದೂ ಹೇಳಿದೆ.