ಟ್ಯಾಂಕರ್ ಬರ್ತೈತಲ್ಲ

ಹರಿಹರದ ನಮ್ಮ ಓಣಿಯಿಂದ ತುಂಗಭದ್ರೆ ಕಾಣುತ್ತದೆ. ನಲ್ಲಿಯಲ್ಲಿ ಮಾತ್ರ ಗಾಳಿ ಬರುತ್ತದೆ. ಹೊಸ ಪೈಪು ಹಾಕಿಸಿ ಎಂದು ಓಣಿಯ ಹೆಂಗಸರ ಸಂಘ ನಗರಸಭೆಗೆ ಹೋದಾಗಲೆಲ್ಲ ಸಾಹೇಬರದು ಒಂದೇ ಮಾತು: "ಟ್ಯಾಂಕರ್ ಬರ್ತೈತಲ್ಲ, ಮತ್ಯಾಕ್ರಿ ಪೈಪು?"

ಆ ಟ್ಯಾಂಕರನ್ನು ಧರ್ಮಕ್ಕೆ ಕಳಿಸುತ್ತಿದ್ದವರು ದಾವಣಗೆರೆ ಮಂಡಿಪೇಟೆಯ ಒಬ್ಬ ಸಾಹುಕಾರರು. ಟ್ಯಾಂಕರಿನ ಎರಡೂ ಬದಿಗೆ ಅವರ ಕೈಮುಗಿದ ಫೋಟೊ. ಒಳ್ಳೆಯವರು, ತಲೆನೋವೇ ಅದು. ಕೆಟ್ಟವರಾಗಿದ್ದರೆ ಜಗಳವಾದರೂ ತೆಗೆಯಬಹುದಿತ್ತು.

"ಟ್ಯಾಂಕರ್ ಬ್ಯಾಡ ಅಂತ ಹೇಳಿ ಬರೋಣ," ಎಂದಳು ಸಂಘದ ಮುಂದಾಳು, ನನ್ನ ಚಿಕ್ಕವ್ವ. ತಾಲೀಮಿಗೆ ನನ್ನನ್ನು ಸಾಹುಕಾರ ಮಾಡಿದರು. ಊರಿನವರ ದನಿಯನ್ನೆಲ್ಲ ಅಣಕಿಸುವುದು ನನ್ನ ಚಟ. ಬೇರೆ ಕಸುಬು ಇನ್ನೂ ಹತ್ತಿಲ್ಲ. ಹೊಟ್ಟೆಗೆ ದಿಂಬು ಕಟ್ಟಿಕೊಂಡು, "ಏನ್ರವ್ವ, ಕೊಟ್ಟಿದ್ದು ಹೆಚ್ಚಾತಾ?" ಎಂದು ಗುಡುಗಿದೆ. ಹೆಂಗಸರು ಎಂಥಾ ಉತ್ತರ ಕೊಟ್ಟರೆಂದರೆ ದಿಂಬಿನೊಳಗೆ ನಾನೇ ಬೆವೆತೆ.

ಮಂಡಿಪೇಟೆಗೆ ಹೋದರೆ ನಿಜವಾದ ಸಾಹುಕಾರರು ಗುಡುಗಲಿಲ್ಲ. ಗಾದಿ ಬಿಟ್ಟು ಎದ್ದು ನಿಂತರು. "ಬರ್ರಿ ಅವ್ವಾರೆ, ಕೂಡ್ರಿ. ಮಂಡಕ್ಕಿ ತಿನ್ರಿ. ಇನ್ನೊಂದು ಟ್ಯಾಂಕರ್ ಕಳಿಸ್ಲೇನು?"

ನನ್ನ ಇಡೀ ತಾಲೀಮು ನೀರುಪಾಲು! ಬಾಯ್ತುಂಬ ಮಂಡಕ್ಕಿ ಇಟ್ಟುಕೊಂಡು ಯಾರಿಗಾದರೂ ಬ್ಯಾಡ ಎನ್ನಲಾದೀತೆ? ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಕೂತರು. ಹಣೆ ಚಚ್ಚಿಕೊಳ್ಳೋಣವೆಂದರೆ ನನ್ನ ಕೈಯಲ್ಲಿ ಮೆಣಸಿನಕಾಯಿ ಬಜ್ಜಿ.

ಚಿಕ್ಕವ್ವ ತಟ್ಟೆ ಸರಿಸಿದಳು. "ನಿಮ್ ಟ್ಯಾಂಕರ್ ತೋರ್ಸಿ ಅವ್ರು ಪೈಪ್ ಹಾಕ್ತಿಲ್ರಿ ಯಜಮಾನ್ರೇ. ಇನ್ಮ್ಯಾಲೆ ಓಣಿಗೆ ಬ್ಯಾಡ. ನಗರಸಭೆ ಗೇಟಿಗೆ ಕಳಿಸ್ರಿ. ಅಲ್ಲೇ ತುಂಬ್ಕೊಂತೀವಿ."

"ನನ್ ಹೆಸ್ರು ಕೆಡಂಗಿಲ್ಲೇನವ್ವ?"

"ಗೇಟಿಗೆ ನಿಂತ್ರೆ ನಿಮ್ ಫೋಟೊ ಊರೆಲ್ಲಾ ನೋಡ್ತೈತ್ರಿ," ಎಂದೆ ನಾನು.

"ಹೌದಲ್ಲೋ!" ಎಂದರು.

ಸೋಮವಾರ ಗೇಟಿಗೆ ಅಡ್ಡಲಾಗಿ ಟ್ಯಾಂಕರ್, ಅದರ ಹಿಂದೆ ಓಣಿಯ ಕೊಡಗಳೆಲ್ಲ ಸಾಲಾಗಿ. ಸಾಹೇಬರ ಜೀಪು ಒಳಗೆ ಹೋಗದು.

"ಏನಮ್ಮಾ ಇದು? ತೆಗೀರಿ ಮೊದ್ಲು!"

"ತುಂಬಿದ್ ಕೂಡ್ಲೇ ತೆಗೀತೀವ್ರಿ," ಎಂದ ಚಿಕ್ಕವ್ವ ಟ್ಯಾಂಕರಿನ ನಲ್ಲಿಯನ್ನು ತಿರುಗಿಸಿ ತಿರುಗಿಸಿ ನೀರನ್ನು ದಾರದಷ್ಟು ಸಣ್ಣ ಮಾಡಿದಳು.

"ನಾಳೆ ಎಂಜಿನಿಯರ್‌ನ ಕಳಿಸ್ತೀನಿ, ಸಾಕಾ?"

"ಹಂಗಾರ ನಾಳೆನೂ ಇಲ್ಲೇ ತುಂಬ್ತೀವಿ ಬಿಡ್ರಿ."

ಎಂಜಿನಿಯರ್ ಅವತ್ತು ಮಧ್ಯಾಹ್ನವೇ ಓಣಿಗೆ ಬಂದ. ಅಳತೆ ಟೇಪು ಹಿಡಿಯಲು ಜನ ಇಲ್ಲವೆಂದು ಗೊಣಗಿದ. ಒಂದು ತುದಿಯನ್ನು ಅವನ ಕೈಯಿಂದ ಕಸಿದುಕೊಂಡು ಚಿಕ್ಕವ್ವ ಕೊನೆಯ ಮನೆಯವರೆಗೂ ನಡೆದಳು.